ಸವಕಳಿ ಎಲ್ಲಿಗೆ ಹೋಗುತ್ತದೆ?

ಖಂಡೇನವಮಿಯ ಆಯುಧಪೂಜೆಯ ದಿನ ಬೆಳಗ್ಗೆ ಒಂಬತ್ತು ಗಂಟೆಗೆ ಗದಿಗೆಪ್ಪ ಮಾಸ್ತರರು ತಮ್ಮ ಹೊಸ ಯಂತ್ರದ ಮೇಲೆ ಹೊದಿಸಿದ್ದ ಟವೆಲ್ಲನ್ನು ಸರ್ರನೆ ಎಳೆದರು. ನೋಡಲು ಇದ್ದವರು ಮೂವರು. ಪಡಸಾಲೆಯ ಜೋಕಾಲಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಿದ್ದ ತಾಯಿ ನೀಲವ್ವ, ತನ್ನ ಗೇಟು ಹಿಡಿದು ನಿಂತೇ ಇಣುಕುತ್ತಿದ್ದ ಪಕ್ಕದ ಮನೆಯ ಹಿರೇಮಠರು, ಮತ್ತು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿಬಂದ ಹೆಂಡತಿ ಕಸ್ತೂರಿ. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಇದು ಹಾರ್ಮೋನಿಯಂ ಡಬ್ಬಿ ಅಲ್ಲೇನ್ರಿ?" ಎಂದಳು ಕಸ್ತೂರಿ.

"ಹೊರಗಷ್ಟ ಹಾರ್ಮೋನಿಯಂ. ಒಳಗ ವಿಜ್ಞಾನ ಐತಿ," ಎಂದರು ಮಾಸ್ತರರು. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ವರ್ಕ್‌ಶಾಪ್ ಕಲಿಸಿ ನಿವೃತ್ತರಾದವರು. ಮನೆಯವರನ್ನೂ ಹಿಂದಿನ ಬೆಂಚಿನ ಹುಡುಗರೆಂದೇ ತಿಳಿದು ಮಾತಾಡುತ್ತಿದ್ದರು. "ಇದರ ಹೆಸರು ಸವಕಳಿ ನಿವಾರಕ. ಯಾವ ಕಬ್ಬಿಣ ಎಷ್ಟ ಸವೆದಿರಲಿ, ಈ ತಂತಿ ಸಿಗಿಸಿ ಗುಂಡಿ ಒತ್ತಿದ್ರ ಮುಗೀತು. ಹೊಸಾದು. ಪಾನಾ ಬ್ಯಾಡ, ಸುತ್ತಿಗಿ ಬ್ಯಾಡ."

ಪಾನಾ ಬೇಡ ಎಂಬ ಮಾತು ಕೇಳಿ ಕಸ್ತೂರಿಗೆ ಹೋದ ಜೀವ ಬಂದಂತಾಯಿತು. ಏಕೆಂದರೆ ನಟ್ಟು ಬಿಚ್ಚಲು ಮನೆಯಲ್ಲಿ ಆಗ ಮುಟ್ಟಬಹುದಾದ ಪಾನಾ ಒಂದೂ ಇರಲಿಲ್ಲ.

ಅಂಗಳದಲ್ಲಿ ಅವರ ಹದಿನಾಲ್ಕು ವರ್ಷದ ಎಸ್‌ಯುವಿ ಮುಂಗಾಲು ಎತ್ತಿ ಎರಡು ಮರದ ದಿಮ್ಮಿಗಳ ಮೇಲೆ ನಿಂತು ಐದು ದಿನವಾಗಿತ್ತು. ಸಣ್ಣ ತಗ್ಗು ಸಿಕ್ಕರೂ ಮುಂದಿನ ಗಾಲಿಗಳ ಹತ್ತಿರ ಕಟಕಟ ಸದ್ದು. ಸ್ಟೀರಿಂಗ್ ಬಿಟ್ಟರೆ ಗಾಡಿ ತಾನೇ ಎಡಕ್ಕೆ ಹೊರಳುತ್ತಿತ್ತು. ಗ್ಯಾರೇಜಿನವನು ಕೆಳಗೆ ಮಲಗಿ ನೋಡಿ, ಸ್ಟೀರಿಂಗಿನಿಂದ ಗಾಲಿಯವರೆಗಿನ ಕೀಲುಗಳೆಲ್ಲ ಸವೆದು ಹೋಗಿವೆ, ಗಾಡಿ ಇಲ್ಲೇ ಬಿಟ್ಟು ಹೋಗಿ ಎಂದಿದ್ದ. ಮಾಸ್ತರರಿಗೆ ಅದು ಅವಮಾನವಾಯಿತು. ಬಿಡಿಭಾಗಗಳನ್ನು ತಂದು, ಮನೆಯಲ್ಲೇ ಹಾಕುತ್ತೇನೆಂದು ಕೂತರು. ನಾಲ್ಕು ದಿನದಲ್ಲಿ ತುಕ್ಕು ಹಿಡಿದ ಒಂದು ನಟ್ಟಿನ ಜೊತೆ ಅವರಿಗೆ ಒಳ್ಳೆಯ ಪರಿಚಯವಾಯಿತೇ ಹೊರತು ಅದು ಬಿಚ್ಚಿಕೊಳ್ಳಲಿಲ್ಲ. ಐದನೆಯ ದಿನ ಖಂಡೇನವಮಿ ಬಂತು. ನಸುಕಿನಲ್ಲೇ ನೀಲವ್ವ ಪಾನಾ, ಸುತ್ತಿಗೆ, ಜಾಕು ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ, ಹೂ ಏರಿಸಿ ದೇವರಮನೆಯಲ್ಲಿ ಸಾಲಾಗಿ ಇಟ್ಟುಬಿಟ್ಟಳು. ಹೊಸ ಬಿಡಿಭಾಗಗಳ ಡಬ್ಬಿಯೂ ಅಲ್ಲಿಯೇ ಸೇರಿತು.

"ಯವ್ವಾ, ಅವು ಆಯುಧ ಅಲ್ಲ, ಸ್ಪೇರ್ ಪಾರ್ಟ್ ಅದಾವ," ಎಂದು ಮಗ ಬೇಡಿಕೊಂಡಿದ್ದರು.

"ಕಬ್ಬಿಣ ಹೌದಲ್ಲೊ? ನಾಳೆ ಮಧ್ಯಾಹ್ನ ಪೂಜಿ ಎತ್ತೂತನಕ ಯಾರೂ ಮುಟ್ಟಂಗಿಲ್ಲ," ಎಂದಿದ್ದಳು ತಾಯಿ.

ಮರುದಿನ ಮಧ್ಯಾಹ್ನದ ತನಕ ಕಾಯುವ ತಾಳ್ಮೆ ಕಸ್ತೂರಿಗಿರಲಿಲ್ಲ. ಮೂರು ದಿನದಿಂದ ಅವಳು ಕೂತಲ್ಲಿ ಕೂತಿರಲಿಲ್ಲ, ನಿಂತಲ್ಲಿ ನಿಂತಿರಲಿಲ್ಲ. ಸೀರೆಯ ಚೀಲ ತುಂಬಿಡುವುದು, ತೆಗೆಯುವುದು, ಮತ್ತೆ ತುಂಬುವುದು. ಆರು ವರ್ಷ ಮಾತು ಬಿಟ್ಟಿದ್ದ ಅಕ್ಕ ದಾನಮ್ಮ ಫೋನು ಮಾಡಿದ್ದಳು. "ಈ ಸಲ ಬನ್ನಿ ಕೊಡಾಕ ಬಾ. ಇಬ್ಬರೂ ಬರ್ರಿ. ನೀ ಒಬ್ಬಾಕೀನ ಬಂದ್ರ ನಾ ಬಾಗಲಾ ತೆಗಿಯೂದಿಲ್ಲ." ಅಷ್ಟು ಹೇಳಿ ಇಟ್ಟುಬಿಟ್ಟಿದ್ದಳು. ದಸರೆಗೆ ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ಅಪ್ಪಿಕೊಂಡರೆ ಹಳೆಯ ಜಗಳ ಮುಗಿದಂತೆ. ತಾಯಿಯಿಲ್ಲದ ಕಸ್ತೂರಿಗೆ ಜಡೆ ಹಾಕಿ, ಉಣಿಸಿ ಬೆಳೆಸಿದವಳು ಆ ಅಕ್ಕ. ಅವಳ ದನಿ ಕೇಳಿ ಕಸ್ತೂರಿ ಅಡುಗೆಮನೆಯಲ್ಲಿ ಕೂತು ಗಳಗಳ ಅತ್ತಿದ್ದಳು.

ಜಗಳ ಅಕ್ಕತಂಗಿಯರದ್ದಲ್ಲ, ಗಂಡಂದಿರದ್ದು. ಅಕ್ಕನ ಗಂಡ ರುದ್ರಗೌಡರ ಸೂರ್ಯಕಾಂತಿ ಹೊಲದಲ್ಲಿ ಗದಿಗೆಪ್ಪ ಮಾಸ್ತರರು ಹಕ್ಕಿ ಓಡಿಸುವ ಯಂತ್ರ ನಿಲ್ಲಿಸಿದ್ದರು. ಅದರ ಸದ್ದಿಗೆ ಮೂರು ಊರಿನ ಗಿಳಿಗಳು ಬಂದು ನೆಲೆಸಿ, ಬೆಳೆಯನ್ನು ನುಣ್ಣಗೆ ಮಾಡಿದವು. ನಿನ್ನ ಡಬ್ಬಾ ಗಾಡಿ ಮತ್ತೆ ನನ್ನ ಅಂಗಳಕ್ಕೆ ಬರಬಾರದು ಎಂದರು ಗೌಡರು. ಬಂದರೆ ಇದೇ ಗಾಡಿಯಲ್ಲಿ ಬರುತ್ತೇನೆ, ಬಸ್ಸಿನಲ್ಲಿ ಬರುವವನಲ್ಲ ಎಂದರು ಮಾಸ್ತರರು. ಗೌಡರ ಊರಿಗೆ ಹೋಗುವ ಬೈಲಹೊಂಗಲದ ದಾರಿಯಲ್ಲಿ ತಾಸಿಗೊಂದು ಬಸ್ಸಿದ್ದರೂ ಅವರು ಆ ಮಾತಿನಿಂದ ಒಂದಿಂಚೂ ಕದಲಿರಲಿಲ್ಲ.

ಹೀಗಾಗಿ ಕಸ್ತೂರಿಯ ಆಸೆಯೆಲ್ಲ ಈಗ ಹಾರ್ಮೋನಿಯಂ ಡಬ್ಬಿಯ ಮೇಲೆ ನಿಂತಿತ್ತು.

ಮಾಸ್ತರರು ಒಂದು ತಂತಿಯನ್ನು ಗಾಡಿಯ ಎಡಗಾಲಿಯ ಹಿಂದೆ, ಗಾಲಿ ತಿರುಗಿಸುವ ಟೈ ರಾಡಿನ ತುದಿಗೆ ಸಿಗಿಸಿದರು. ಇನ್ನೊಂದು ತಂತಿ ಸುಮ್ಮನೆ ಗಾಳಿಯಲ್ಲಿ ಜೋತಾಡುತ್ತಿತ್ತು.

"ಅದೇನ್ರಿ?" ಎಂದಳು ಕಸ್ತೂರಿ.

"ಸವಕಳಿ ಹೊರಗ ಹೋಗೂ ದಾರಿ."

"ಹೊರಗ ಅಂದ್ರ ಎಲ್ಲಿಗಿ?"

"ಗಾಳ್ಯಾಗ ಹೊಕ್ಕೈತಿ. ಎಲ್ಲಾ ತಿಳಕೊಂಡ ಏನ ಮಾಡ್ತಿ ನೀ?" ಎಂದು ಗುಂಡಿ ಒತ್ತಿದರು.

ಡಬ್ಬಿ ಗುಂಯ್ ಎಂದಿತು. ಗಲಗಲ ಅಲುಗಾಡುತ್ತಿದ್ದ ಕೀಲು ಬಿಗಿಯಿತು, ತುಕ್ಕು ಉದುರಿತು, ಕಬ್ಬಿಣ ಅಂಗಡಿಯ ಗಾಜಿನೊಳಗಿಟ್ಟ ಹೊಸ ಮಾಲಿನಂತೆ ಹೊಳೆಯಿತು. ಕಸ್ತೂರಿ ಕೈಮುಗಿದಳು. ಅದೇ ಕ್ಷಣ ಪಡಸಾಲೆಯಲ್ಲಿ ಜೋಕಾಲಿಯ ಕೊಂಡಿಗಳು ನೂಲಿನಷ್ಟು ಸವೆದು ತುಂಡಾಗಿ, ನೀಲವ್ವ ಹಲಗೆಯ ಸಮೇತ ಗೇಣೆತ್ತರದಿಂದ ನೆಲಕ್ಕಿಳಿದಳು.

"ಯಾಂವ್ಲೇ ನನ್ನ ಇಳಿಸಿದಾಂವ?" ಎಂದಳು ಮುದುಕಿ. ಬಾಯೊಳಗಿನ ಎಲೆ ಅಡಿಕೆ ಮಾತ್ರ ಅಲುಗಿರಲಿಲ್ಲ.

"ಹಳೇ ಕೊಂಡಿ, ಯವ್ವಾ. ಕಾಕತಾಳೀಯ," ಎನ್ನುತ್ತ ಮಾಸ್ತರರು ಬಲಗಾಲಿಯ ಕಡೆ ಹೋಗಿ ತಂತಿ ಸಿಗಿಸಿ ಮತ್ತೆ ಒತ್ತಿದರು. ಆ ಕೀಲೂ ಹೊಸದಾಯಿತು. ಕಂಪೌಂಡಿನ ಆಚೆಯಿಂದ ಹಿರೇಮಠರ ಶಾಂತವಾದ ದನಿ ಕೇಳಿತು.

"ಮಾಸ್ತರ, ನಮ್ಮ ಗೇಟು ನನ್ನ ಕೈಗೇ ಬಂದೈತಿ."

ಬಿಜಾಗರಿಗಳೆರಡೂ ಸವೆದು ಪುಡಿಯಾಗಿದ್ದವು. ಹಿರೇಮಠರು ಗೇಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅಪ್ಪಿಕೊಂಡು ನಿಂತಿದ್ದರು.

ವಿಜ್ಞಾನಿಗೆ ತಿಳಿಯದ್ದು ಹೆಂಡತಿಗೆ ತಿಳಿಯಿತು. "ಗಾಳ್ಯಾಗ ಹೋಗಿಲ್ರಿ ಅದು. ಹತ್ತಿರ ಸಿಕ್ಕ ಕೀಲಿಗೆ ಹೋಗಿ ಕುಂಡ್ರಾಕತ್ತೈತಿ. ಆ ತಂತೀನ ಯಾವದರ ಹಳೇದಕ್ಕ ಕಟ್ರಿ."

"ಅದನ್ನ ನಾನೂ ವಿಚಾರ ಮಾಡಿದ್ದೆ," ಎಂದರು ಮಾಸ್ತರರು. ಮಾಡಿರಲಿಲ್ಲ ಎಂಬುದು ಹಿರೇಮಠರ ಗೇಟಿಗೂ ಗೊತ್ತಿತ್ತು.

ಆಮೇಲೆ ಮನೆಯಲ್ಲಿ ಒಂದೇ ಗದ್ದಲ. ಹನ್ನೆರಡಕ್ಕೆ ಕರೆಂಟು ಹೋಗುತ್ತದೆ ಎಂದು ಬೆಳಗ್ಗೆಯೇ ಮೆಸೇಜು ಬಂದಿತ್ತು. ಕಸ್ತೂರಿ ಸೆರಗು ಸಿಕ್ಕಿಸಿಕೊಂಡು ಅಟ್ಟ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಮುರಿದ ಕೊಡೆ ತಂದಳು. ಗಾಲಿಯ ಒಂದು ಬಾಲ್ ಜಾಯಿಂಟಿನ ಸವಕಳಿ ಕುಡಿದು ಕೊಡೆ ಒಂದು ಹಿಡಿ ತುಕ್ಕಾಯಿತು. ಮಡಚುವ ಕುರ್ಚಿ ತಂದಳು. ಅದು ಮಡಚಿಕೊಂಡೇ ಪುಡಿಯಾಯಿತು. ಗೇಟನ್ನು ಗೋಡೆಗೆ ಒರಗಿಸಿ ಬಂದ ಹಿರೇಮಠರಿಗೂ ಹುರುಪು ಬಂದು, ತಮ್ಮ ಹಳೆಯ ಟೈಪ್‌ರೈಟರ್ ತಂದುಕೊಟ್ಟರು. ಗಾಡಿಯ ಕೀಲುಗಳ ನಾಲ್ಕು ಬುಷ್‌ಗಳು ಹೊಸದಾಗುವಷ್ಟರಲ್ಲಿ ಅದರಲ್ಲಿ ಉಳಿದದ್ದು ಒಂದೇ ಒಂದು ಅಕ್ಷರ. ಕಸ್ತೂರಿ ಗಡಿಯಾರ ನೋಡುತ್ತ, ಗಾಡಿಯ ಸುತ್ತ ತಿರುಗುತ್ತ, "ಮುಂದಿಂದು, ಮುಂದಿಂದು" ಎನ್ನುತ್ತಿದ್ದಳು.

ಹನ್ನೆರಡಕ್ಕೆ ಮೂರು ನಿಮಿಷವಿದ್ದಾಗ ಸ್ಟೀರಿಂಗ್ ಬಾಕ್ಸ್ ಒಂದೇ ಉಳಿಯಿತು. ಗಾಡಿಯನ್ನು ಎಡಕ್ಕೆ ಎಳೆಯುವ ಚಾಳಿ ಪೂರಾ ಅದರಲ್ಲೇ ಇದೆ ಎಂದು ಮಾಸ್ತರರ ಅಭಿಪ್ರಾಯ. ಮನೆಯಲ್ಲಿ ಹಳೆಯ ಕಬ್ಬಿಣ ಮುಗಿದಿತ್ತು. ಇದ್ದದ್ದೆಲ್ಲ ದೇವರಮನೆಯಲ್ಲಿ ಹೂ ಮುಡಿದು ಕೂತಿತ್ತು. ಅದರ ಬಾಗಿಲಿಗೆ ಅಡ್ಡವಾಗಿ ನೀಲವ್ವ ಜೋಕಾಲಿಯ ಹಲಗೆ ಹಾಕಿಕೊಂಡು ಕೂತಿದ್ದಳು.

ಮಾಸ್ತರರು ಒಂದು ತಂತಿಯನ್ನು ಸ್ಟೀರಿಂಗ್ ಬಾಕ್ಸಿಗೆ ಸಿಗಿಸಿ, ಇನ್ನೊಂದರ ತುದಿಯನ್ನು ಕೈಯಲ್ಲಿ ಹಿಡಿದು, ಎಲ್ಲಿ ಕಟ್ಟಲಿ ಎಂದು ಅತ್ತ ಇತ್ತ ನೋಡುತ್ತಿದ್ದರು.

"ಸಿಗಿಸಿದ್ರೇನ್ರಿ?"

"ಹೂಂ, ಇದೊಂದನ್ನ..."

ಕಸ್ತೂರಿ ಹೂಂ ಎಂಬುದಷ್ಟನ್ನೇ ಕೇಳಿದಳು. ಗುಂಡಿ ಒತ್ತಿಬಿಟ್ಟಳು.

ಗುಂಯ್ ಎಂದಿತು. ಸ್ಟೀರಿಂಗ್ ಬಾಕ್ಸ್ ಫಳಫಳ ಹೊಳೆಯಿತು. ಕರೆಂಟು ಹೋಯಿತು. ಮಾಸ್ತರರ ಭುಜದಲ್ಲಿ ಕಟ್ ಎಂದು ಒಂದು ಸದ್ದಾಯಿತು.

ಕಸ್ತೂರಿ ಓಡಿಬಂದು ಅವರ ಭುಜ ಹಿಡಿದಳು. "ಏನಾತ್ರಿ? ನೋವಾತೇನ್ರಿ?"

"ಏನೂ ಆಗಿಲ್ಲ. ನೀರ ಕುಡದ ಬರ್ತೀನಿ," ಎಂದು ಅವರು ಅಡುಗೆಮನೆಗೆ ಹೊರಟರು. ಹೊರಟವರು ಮೆಲ್ಲಗೆ ಎಡಕ್ಕೆ ಹೊರಳಿ ಬಚ್ಚಲಮನೆ ತಲುಪಿದರು. ಹಿಂದಕ್ಕೆ ಬಂದು ಮತ್ತೆ ಹೊರಟರು. ಈ ಸಲ ಪರಂಗಿ ಗಿಡಕ್ಕೆ ಹೋಗಿ ಆನಿದರು. ಮೂರನೆಯ ಸಲ ಮನೆಯನ್ನೇ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದರು. ಮೆಟ್ಟಿಲು ಇಳಿದಾಗಲೆಲ್ಲ ಭುಜದಲ್ಲಿ ಕಟಕಟ.

ಹಿರೇಮಠರು ಗಂಭೀರವಾಗಿ ನೋಡಿ ಹೇಳಿದರು: "ಗಾಡೀದ ರೋಗ ಮಾಸ್ತರಗ ಬಂದೈತಿ."

ಮಾಸ್ತರರು ಗಾಬರಿಯಾದರು. "ಕರೆಂಟ ಬರ್ಲಿ. ತಂತಿ ತಿರುಗಾಮುರುಗಾ ಮಾಡಿ, ವಾಪಸ್ ಗಾಡಿಗೇ ಹಾಕ್ತೀನಿ."

"ಬ್ಯಾಡ," ಎಂದಳು ಕಸ್ತೂರಿ. ಅಷ್ಟು ಜೋರಾಗಿ ಅವಳು ಮದುವೆಯಾದಾಗಿನಿಂದ ಮಾತಾಡಿರಲಿಲ್ಲ. "ನಾಳೆ ಸಂಜೀತನಕ ನಿಮ್ಮೊಳಗ ಇರಲಿ."

"ಏ, ನಾನೇನ ಸ್ಟೋರ್ ರೂಮೇನ?"

"ನೋವಿಲ್ಲಲ್ಲ? ಮತ್ತ ಇರಲಿ. ಆರು ವರ್ಷ ನಿಮ್ಮ ಹಟಾ ನಾ ಇಟ್ಟಕೊಂಡೀನಿ. ಒಂದ ದಿನ ಗಾಡೀದ ನೀವ ಇಟ್ಟಕೊಳ್ರಿ."

ಮಾಸ್ತರರು ತಂತಿಯನ್ನು ಸುತ್ತಿ ಡಬ್ಬಿಯ ಮೇಲಿಟ್ಟರು. ಅವಳ ಕಣ್ಣಲ್ಲಿ ನೀರು ನಿಂತದ್ದು ಕಂಡಿತ್ತು.

ಮರುದಿನ ಮಧ್ಯಾಹ್ನ ನೀಲವ್ವ ಪೂಜೆ ಎತ್ತಿದಳು. ಜಾಕು ಹೊರಬಂತು, ಗಾಡಿ ನೆಲಕ್ಕಿಳಿಯಿತು. ಮಾಸ್ತರರು ಸ್ಟೀರಿಂಗ್ ಹಿಡಿದರು. ಗಾಡಿ ನೆಟ್ಟಗಿತ್ತು, ಕೈಗಳು ಎಡಕ್ಕೆ ಹೋದವು, ಹಿರೇಮಠರ ಗೇಟು ಎರಡನೆಯ ಸಲ ಬಿತ್ತು. ಆಗ ಕಸ್ತೂರಿ ಗಂಡನನ್ನು ಪಕ್ಕದ ಸೀಟಿಗೆ ಸರಿಸಿ ತಾನು ಕೂತಳು. ಒಂಬತ್ತು ವರ್ಷದ ಹಿಂದೆ ಲೈಸೆನ್ಸ್ ಮಾಡಿಸಿದ್ದರೂ ಅವಳಿಗೆ ಗಾಡಿ ಸಿಕ್ಕಿದ್ದು ಕಡಿಮೆ.  ಆದರೆ ಊರು ದಾಟುವಷ್ಟರಲ್ಲಿ ಗಾಡಿ ಅವಳು ಹೇಳಿದಂತೆ ಕೇಳತೊಡಗಿತು; ಹಾಗೆ ಕೇಳುವ ವಸ್ತು ಆ ಮನೆಯಲ್ಲಿ ಅದೊಂದೇ. ರಸ್ತೆಯ ಉಬ್ಬು ಬಂದಾಗಲೆಲ್ಲ ಗಾಡಿ ತುಟಿಪಿಟಕ್ಕೆನ್ನಲಿಲ್ಲ, ಮಾಸ್ತರರು ಕಟಕಟ ಎಂದರು.

"ಕೇಳಿಲ್ಲಿ," ಎಂದರು ಅವರು ಅರ್ಧ ದಾರಿಯಲ್ಲಿ. "ಬನ್ನಿ ನಾ ನಿಮ್ಮಕ್ಕಗ ಅಷ್ಟ ಕೊಡಾಂವ. ಆ ಗೌಡನ ಮಾರಿ ಸೈತ ನೋಡೂದಿಲ್ಲ."

ಕಸ್ತೂರಿಗೆ ಅಕ್ಕನ ಸ್ವಭಾವ ಗೊತ್ತಿತ್ತು. ಬಂದವರು ರುದ್ರಗೌಡರಿಗೆ ಬನ್ನಿ ಕೊಡದೆ ಹೋದರೆ ಅಕ್ಕ ಈ ಜನ್ಮದಲ್ಲಿ ಮತ್ತೆ ಫೋನು ಮಾಡುವುದಿಲ್ಲ. ಅದನ್ನು ಗಂಡನಿಗೆ ಹೇಳಿದರೆ ಅಲ್ಲಿಂದಲೇ ಗಾಡಿ ತಿರುಗಿಸು ಎಂದಾರು. ಅವಳು ತುಟಿ ಕಚ್ಚಿಕೊಂಡು ಆಕ್ಸಿಲರೇಟರ್ ಒತ್ತಿದಳು.

ಹೊತ್ತು ಇಳಿಯುವ ಮೊದಲೇ ಗಾಡಿ ಗೌಡರ ಅಂಗಳದಲ್ಲಿ ನಿಂತಿತು. ಅಕ್ಕ ದಾನಮ್ಮ ಬಾಗಿಲ ನಡುವೆ ನಿಂತಿದ್ದಳು. ಎಡಗಡೆ ಕಟ್ಟೆಯ ಕಂಬಕ್ಕೆ ಒರಗಿ, ಎದೆಯ ಮೇಲೆ ಕೈಕಟ್ಟಿ, ಮೀಸೆ ಬಿಗಿದು ರುದ್ರಗೌಡರು. ಕಸ್ತೂರಿ ಗಂಡನ ಬಲ ಮೊಳಕೈ ಗಟ್ಟಿಯಾಗಿ ಹಿಡಿದು, ನೆಟ್ಟಗೆ ನಡೆಸುತ್ತ ನಾಲ್ಕು ಹೆಜ್ಜೆ ತಂದಳು. ಅಷ್ಟರಲ್ಲಿ ಅಕ್ಕ, "ಎಷ್ಟ ಸೊರಗೀದಿ ನೀ," ಎಂದಳು. ಕಸ್ತೂರಿಗೆ ಗಂಡನೂ ನೆನಪಾಗಲಿಲ್ಲ, ಗಾಡಿಯೂ ನೆನಪಾಗಲಿಲ್ಲ. ಕೈಬಿಟ್ಟು ಓಡಿಹೋಗಿ ಅಕ್ಕನ ಕೊರಳಿಗೆ ಬಿದ್ದಳು.

ಹಿಡಿದವರಿಲ್ಲದ ಮಾಸ್ತರರು ಬಾಗಿಲಿನತ್ತ ದೃಷ್ಟಿ ನೆಟ್ಟು ನಡೆದರು. ಕಾಲುಗಳು ಎಡಕ್ಕೆ ನಡೆದವು. ಅವರು ಬಲಕ್ಕೆ ವಾಲಿದರು, ಹಲ್ಲು ಕಚ್ಚಿದರು, ಒಂದು ಕೈಯಿಂದ ತಮ್ಮ ಧೋತರವನ್ನೇ ಬಲಕ್ಕೆ ಎಳೆದುಕೊಂಡರು. ಏನೂ ನಡೆಯಲಿಲ್ಲ. ಕಟ್ಟೆಯ ಮೆಟ್ಟಿಲು ಎಡವಿ, ಕಟಕಟ ಸದ್ದಿನೊಂದಿಗೆ ರುದ್ರಗೌಡರ ಎದೆಯ ಮೇಲೆ ಬಿದ್ದರು. ದಾನಮ್ಮನಿಗೆಂದು ಕೈಯಲ್ಲಿ ಹಿಡಿದಿದ್ದ ಬನ್ನಿ ಗೌಡರ ಅಂಗಿಗೆ ಅಂಟಿಕೊಂಡಿತು.

 ಗೌಡರು ಎದೆಯ ಮೇಲಿನ ಬನ್ನಿ ನೋಡಿದರು, ಮಾಸ್ತರರನ್ನು ನೋಡಿದರು. ಮೀಸೆ ಅದುರಿತು. ಎರಡೂ ಕೈಯಿಂದ ಅಪ್ಪಿಕೊಂಡರು.

"ಮಾಸ್ತರ, ವಯಸ್ಸಿನಾಗ ದೊಡ್ಡಾಂವ ನಾ. ಮೊದಲ ನಾ ಬರಬೇಕಿತ್ತು. ನೀ ಬಂದಿ. ಬಂಗಾರದಂಗ ಇರೂಣ."

"ಅಲ್ಲ ಗೌಡ್ರ, ಇದು ವೈಜ್ಞಾನಿಕವಾಗಿ ಏನಂದ್ರ..." ಎಂದು ಮಾಸ್ತರರು ಶುರುಮಾಡಿದರು. ಅಕ್ಕನ ಭುಜದ ಮೇಲಿಂದ ಕಸ್ತೂರಿ ಒಂದು ನೋಟ ಬೀರಿದಳು. ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ ಮೊದಲ ಸಲ ಒಂದು ವಿಷಯವನ್ನು ವಿವರಿಸದೆ ಬಿಟ್ಟರು. "ಬಂಗಾರದಂಗ ಇರೂಣ," ಎಂದು ತಾವೂ ಗಟ್ಟಿಯಾಗಿ ಅಪ್ಪಿಕೊಂಡರು.

ಹೋಳಿಗೆ ಊಟವಾಗುವಷ್ಟರಲ್ಲಿ ನಿಜ ಸಂಗತಿ ಹೇಗೂ ಹೊರಬಿತ್ತು, ಯಾಕೆಂದರೆ ಕೈತೊಳೆಯಲು ಎದ್ದ ಮಾಸ್ತರರು ದನದ ಕೊಟ್ಟಿಗೆ ಸೇರಿದ್ದರು. ಗೌಡರು ಹೊಟ್ಟೆ ಹಿಡಿದು ನಕ್ಕರು. ಕೊಟ್ಟ ಬನ್ನಿಯನ್ನು ಮಾತ್ರ ವಾಪಸು ಕೊಡಲಿಲ್ಲ. ಕಣ್ಣೊರೆಸಿಕೊಂಡು ಒಂದು ಮಾತು ಕೇಳಿದರು.

"ಮಾಸ್ತರ, ನಮ್ಮ ಟ್ರ್ಯಾಕ್ಟರ್ ಎರಡ ವರ್ಷಾತು, ಬಲಕ್ಕ ಎಳೀತೈತಿ. ಅದರ ಸವಕಳೀನೂ ತೆಗಿಯಾಕ ಬರ್ತೈತೇನ?"

ಮಾಸ್ತರರ ಮುಖ ಅರಳಿತು. ದಾನಮ್ಮ ಗಾಬರಿಯಿಂದ ತಂಗಿಯ ಕಡೆ ನೋಡಿದಳು. ಕಸ್ತೂರಿ ನಾಲ್ಕು ದಿನದಲ್ಲಿ ಮೊದಲ ಸಲ ಗೋಡೆಗೆ ಒರಗಿ, ಕಾಲು ಚಾಚಿ ಕೂತು, ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ತೆಗೀಲಿ ಬಿಡಕ್ಕ," ಎಂದಳು. "ಅದೂ ಇವರೊಳಗ ಸೇರ್ತಂದ್ರ ಮನಷ್ಯಾ ನೆಟ್ಟಗ ನಡದಾನು."