ತೆಪ್ಪ ಹೊರುವಷ್ಟು ಜನ

ಆರು ಜನ ಕೂರಬಹುದು ಎಂದು ತೆಪ್ಪದವನು ಹೇಳಿದಾಗ ತೂಕದಯ್ಯ ಸರಿ ಎಂದು ಫೋನಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. “ಆರು ಜನ ಅಂದ್ರೆ ಎಷ್ಟು ಕಿಲೋ?” ಎಂದು ಕೇಳಿದ.

“ಕಿಲೋ ಲೆಕ್ಕ ನನಗೆ ಗೊತ್ತಿಲ್ಲ ಸಾರ್. ನಮ್ಮದು ತಲೆ ಲೆಕ್ಕ.”

“ಯಾರ ತಲೆ? ದಪ್ಪ ಇರೋರದ್ದೋ ಸಣ್ಣ ಇರೋರದ್ದೋ?”

ತೆಪ್ಪದವನು, “ಅಂದಾಜು ನಾನೂರು ಕಿಲೋ ಅಂತ ಇಟ್ಕೊಳ್ಳಿ” ಎಂದ.

ಅಂದಾಜು ಎಂಬ ಮಾತು ಕಿವಿಗೆ ಬಿದ್ದರೆ ತೂಕದಯ್ಯನಿಗೆ ಊಟದ ನಡುವೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು. ಅವನ ಕೆಲಸ ತೂಕ ಮತ್ತು ಅಳತೆ ಕಚೇರಿಯಲ್ಲಿ. ಅಂಗಡಿಯವರು ತರುವ ತಕ್ಕಡಿ, ಬಟ್ಟುಗಳನ್ನು ಕಚೇರಿಯ ಹಿತ್ತಾಳೆ ಬಟ್ಟುಗಳ ಎದುರು ಇಟ್ಟು ತೂಗುವುದು, ಸವೆದಿದ್ದರೆ ತಳದ ತೂತಿಗೆ ಸೀಸ ತುಂಬಿಸುವುದು, ಸರಿಯಿದ್ದರೆ ಮುದ್ರೆ ಒತ್ತಿ ಕಳಿಸುವುದು. ಹದಿನೆಂಟು ವರ್ಷದಿಂದ ಇದನ್ನೇ ಮಾಡಿ ಮಾಡಿ, ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕಚೇರಿಯಲ್ಲೂ ಬೀದಿಯಲ್ಲೂ ಅವನು ತೂಕದಯ್ಯನೇ.

ಹೊಳೆಗೆ ಹೋಗುವ ಮಾತು ಹೊಸದೇನಲ್ಲ. ಹಳೇ ಸೇತುವೆಯ ಹತ್ತಿರ ತೆಪ್ಪ ಹತ್ತಬೇಕು, ನೀರು ಕರೆದುಕೊಂಡು ಹೋದ ಹಾಗೆ ಎರಡು ಮೈಲಿ ತೇಲಬೇಕು, ಮರಳು ದಿಣ್ಣೆಯಲ್ಲಿ ಇಳಿದು ಗಾಳ ಹಾಕಬೇಕು, ಡಬ್ಬಿ ಬಿಚ್ಚಿ ಉಣ್ಣಬೇಕು, ಸಂಜೆಗೆ ಬಸ್ಸು ಹಿಡಿದು ಮನೆಗೆ ಬರಬೇಕು. ಮಕ್ಕಳಿಗೆ ಹೀಗೆ ಮಾತು ಕೊಟ್ಟು ಎರಡು ವರ್ಷವಾಗಿತ್ತು. ಮೊದಲ ಸಲ ಮಗನಿಗೆ ಗದ್ದಬಾವು ಬಂತು. ಎರಡನೇ ಸಲ ಕಚೇರಿಗೆ ತಪಾಸಣೆ ಬಂತು. ಮೂರನೇ ಸಲ ಎಲ್ಲರೂ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಗ ಮಳೆ ಬಂತು.

ಆರು ವರ್ಷದ ಮಗ ಆ ಮೂರೂ ಸಲ ಎರೆಹುಳ ಅಗೆದು ಸೋಪಿನ ಡಬ್ಬಿಯಲ್ಲಿ ಕೂಡಿಟ್ಟಿದ್ದ, ಮೂರೂ ಸಲ ಅಳುತ್ತ ಮಣ್ಣಿಗೆ ವಾಪಸ್ಸು ಬಿಟ್ಟಿದ್ದ. ಹನ್ನೊಂದರ ಮಗಳು ಅಳಲಿಲ್ಲ. ಗಾಳದ ದಾರಕ್ಕೆ ಹಾಕುವ ಗಂಟುಗಳನ್ನು ಕಿಟಕಿಯ ಸರಳಿಗೆ ಕಟ್ಟಿ ಕಲಿತಿದ್ದವಳು, ಮೂರನೇ ಸಲ ಅವನ್ನೆಲ್ಲ ಒಂದೊಂದಾಗಿ ಬಿಚ್ಚಿ, “ಪರವಾಗಿಲ್ಲ ಬಿಡಪ್ಪ” ಎಂದಿದ್ದಳು. ಅವಳು ಅತ್ತಿದ್ದರೇ ಚೆನ್ನಾಗಿತ್ತು ಎಂದು ತೂಕದಯ್ಯನಿಗೆ ಅನಿಸಿತ್ತು. ಇನ್ನೊಂದು ವರ್ಷ ಕಳೆದರೆ ಈ ಹುಡುಗಿ ಅಪ್ಪನ ಜೊತೆ ಹೊಳೆಗೆ ಬರುವುದು ಅನುಮಾನ. ಅದೂ ಅಲ್ಲದೆ ಈ ಭಾನುವಾರ ಬಿಟ್ಟರೆ ನೀರು ಇಳಿದು ತೆಪ್ಪ ಬಂಡೆಗೆ ತಾಗುತ್ತದೆ, ಆಮೇಲೆ ಬರುವ ವರ್ಷವೇ ಎಂದು ತೆಪ್ಪದವನು ಹೇಳಿಬಿಟ್ಟಿದ್ದ.

ಆದ್ದರಿಂದ ಶುಕ್ರವಾರ ಸಂಜೆ ತೂಕದಯ್ಯ ಇಡೀ ಸಂಸಾರವನ್ನು ಬೀದಿ ಮೂಲೆಯ ಹಳೇ ಪೇಪರ್ ಅಂಗಡಿಗೆ ಕರೆದುಕೊಂಡು ಹೋಗಿ, ರದ್ದಿ ತೂಗುವ ಹಲಗೆಯ ಮೇಲೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿದ. ಹೆಂಡತಿ ಮುಖ ಮುಚ್ಚಿಕೊಂಡು ನಿಂತಳು. ಅತ್ತೆ ಹತ್ತಲೇ ಇಲ್ಲ. “ನನ್ನನ್ನು ರದ್ದಿಗೆ ಹಾಕೋದಿದ್ರೆ ನನ್ನ ಮಗಳು ಹಾಕಲಿ, ಅಳಿಯ ಯಾಕೆ ಹಾಕಬೇಕು?” ಎಂದು ಮನೆಗೆ ಹೊರಟುಹೋದರು. ತೂಕದಯ್ಯ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಜೇಬಿಗೆ ಹಾಕಿಕೊಂಡ. ಶನಿವಾರ ಬೆಳಿಗ್ಗೆ ಕಚೇರಿಯಲ್ಲಿ ಕೂಡಿ ಕಳೆದು ನೋಡಿದ. ಆಗಲೇ ಬೇಕರಿಯವನು ತಕ್ಕಡಿ ಹೊತ್ತು ಬಂದದ್ದರಿಂದ ಎದ್ದುಹೋದ. ಹಾಳೆ ಮೇಜಿನ ಮೇಲಿದ್ದ ಕಾಗದಗಳ ಜೊತೆ ಸಾಹೇಬರ ಕೋಣೆ ಸೇರಿತು.

ಸಾಹೇಬರು ಕರೆಸಿದರು. ಕನ್ನಡಕವನ್ನು ಹಣೆಗೇರಿಸಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು.

“ಏನ್ರೀ ಇದು ವರದಿ? ನಾನು, ಅರವತ್ತಾರೂವರೆ. ಯಜಮಾನಿ, ಅರವತ್ಮೂರು ಎಂಟುನೂರು. ದೊಡ್ಡವಳು, ಚಿಕ್ಕವನು. ಇರಲಿ, ಅಂಗಡಿಯವರು ಬಟ್ಟುಗಳಿಗೆ ಏನೇನೋ ಹೆಸರು ಇಟ್ಟಿರ್ತಾರೆ. ಆದ್ರೆ ಇಲ್ಲಿ ನೋಡಿ. ಅತ್ತೆ, ಅಂದಾಜು ಎಪ್ಪತ್ತು, ಪರೀಕ್ಷೆಗೆ ಒಪ್ಪಲಿಲ್ಲ. ಒಪ್ಪಲಿಲ್ಲ ಅಂದ್ರೆ ಏನರ್ಥ? ನೋಟಿಸು ಕೊಟ್ಟು ಎಳ್ಕೊಂಡು ಬರಬೇಕಿತ್ತು.”

“ಸಾರ್, ಅದು ನಮ್ಮ ಅತ್ತೆ.”

“ಅತ್ತೆ ಆದ್ರೇನು, ಕಾಯ್ದೆ ಎಲ್ಲರಿಗೂ ಒಂದೇ.”

ತೂಕದಯ್ಯ ಬೆವರೊರೆಸಿಕೊಂಡು ತೆಪ್ಪದ ವಿಷಯ ಹೇಳಬೇಕಾಯಿತು. ಸಾಹೇಬರು ಕೇಳುತ್ತ ಕೇಳುತ್ತ ಕನ್ನಡಕವನ್ನು ಮೂಗಿಗಿಳಿಸಿ ಹಾಳೆಯ ಕೊನೆಯ ಸಾಲು ನೋಡಿದರು. ತೆಪ್ಪದವನನ್ನೂ ಸೇರಿಸಿ ಒಟ್ಟು ಮುನ್ನೂರ ಹತ್ತು ಕಿಲೋ ಒಂಬೈನೂರ ಐವತ್ತು ಗ್ರಾಂ. ಉಳಿಕೆ ಎಂಬತ್ತೊಂಬತ್ತು ಕಿಲೋ ಐವತ್ತು ಗ್ರಾಂ.

“ಅಂದ್ರೆ ಎಂಬತ್ತೊಂಬತ್ತು ಕಿಲೋ ಜಾಗ ಖಾಲಿ ಇದೆ ಅಂತಾಯ್ತು” ಎಂದರು ಸಾಹೇಬರು.

“ಖಾಲಿ ಅಂದ್ರೆ ಸಾರ್, ಅದು ಸುರಕ್ಷತೆಗೆ ಅಂತ...”

ಸಾಹೇಬರು ಆಗಲೇ ಎದ್ದು ಪರೀಕ್ಷಾ ಕೋಣೆಗೆ ನಡೆದಿದ್ದರು. ಮೂಟೆ ತೂಗುವ ಯಂತ್ರದ ಮೇಲೆ ಹತ್ತಿ ಉಸಿರು ಬಿಗಿಹಿಡಿದು ನಿಂತರು. ಎಂಬತ್ತೇಳು ಆರುನೂರು ತೋರಿಸಿತು.

“ನೋಡಿದ್ರಾ, ಇನ್ನೂ ಒಂದೂವರೆ ಕಿಲೋ ಹತ್ತಿರ ಉಳೀತು. ಊಟದ ಡಬ್ಬಿ ತರಬಹುದು.”

ತೂಕದಯ್ಯನಿಗೆ ಒಂದೂವರೆ ಅಲ್ಲ, ಒಂದು ಕಿಲೋ ನಾನೂರ ಐವತ್ತು ಗ್ರಾಂ ಎನ್ನುವುದಷ್ಟೇ ಬಾಯಿಗೆ ಬಂತು. ಬರಬೇಡಿ ಎನ್ನುವುದು ಬರಲಿಲ್ಲ.

ಸಾಹೇಬರು ಯಂತ್ರ ಹತ್ತಿದ್ದನ್ನು ಇಡೀ ಕಚೇರಿ ನೋಡಿತು. ಐದು ನಿಮಿಷದಲ್ಲಿ ಟೈಪಿಸ್ಟಮ್ಮ ಬಂದು, “ಸಾರ್ ಮಾತ್ರ ಹೋಗೋದು ಸರೀನಾ? ನನ್ನ ತಂಗಿ ಮಕ್ಕಳು ಮೂವರು ರಜಕ್ಕೆ ಬಂದು ಮನೆ ಸೂರು ಹಾರಿಸ್ತಿದ್ದಾರೆ. ಅವನ್ನೂ ಒಂದಿಷ್ಟು ತೇಲಿಸ್ಕೊಂಡು ಬರ್ತೀನಿ” ಎಂದು ಚಪ್ಪಲಿ, ಕೈಗಡಿಯಾರ, ಕನ್ನಡಕ ಎಲ್ಲ ಬಿಚ್ಚಿಟ್ಟು ಯಂತ್ರ ಹತ್ತಿದರು. ಅವರ ಹಿಂದೆ ಉಗ್ರಾಣದವರು. ಅವರ ಹಿಂದೆ ಜೀಪಿನ ಡ್ರೈವರು. ತಕ್ಕಡಿ ಹಿಡಿದು ಕಾಯುತ್ತಿದ್ದ ಬೇಕರಿಯವನು ಇದೇನೋ ಹೊಸ ನಿಯಮವಿರಬೇಕೆಂದು ತಾನೂ ಸಾಲಿನಲ್ಲಿ ನಿಂತ. ತೂಗಿಸಿಕೊಂಡು ಇಳಿದು, “ಮುದ್ರೆ ಎಲ್ಲಿ ಒತ್ತುತ್ತೀರಿ ಸಾರ್?” ಎಂದು ಸ್ವಲ್ಪ ಭಯದಿಂದಲೇ ಕೇಳಿದ.

ಹನ್ನೊಂದು ಗಂಟೆಯ ಹೊತ್ತಿಗೆ ಹೆಂಡತಿ ಮಕ್ಕಳು, ಭಾವಮೈದುನರು ಎಲ್ಲ ಸೇರಿ ಇಪ್ಪತ್ಮೂರು ಜನ, ನಾಲ್ಕು ತೆಪ್ಪ ಎಂದು ಲೆಕ್ಕವಾಯಿತು. ಹನ್ನೊಂದೂವರೆಗೆ ಸಾಹೇಬರ ಕೋಣೆಯಲ್ಲಿ ಅದರ ಮೇಲೆ ಸಭೆ ನಡೆಯಿತು.

“ನಮ್ಮ ಮನೆಯವರಿಗೆ ನೀರು ಅಂದ್ರೆ ತಲೆ ಸುತ್ತುತ್ತೆ” ಎಂದರು ಸಾಹೇಬರು. “ಅದಕ್ಕೆ ತೆಪ್ಪಗಳನ್ನ ಹಗ್ಗದಿಂದ ದಡಕ್ಕೆ ಕಟ್ಟಿಸಿಬಿಡೋಣ.”

“ಕಟ್ಟಿದ್ರೆ ತೇಲೋದು ಹೇಗೆ ಸಾರ್?” ಎಂದ ತೂಕದಯ್ಯ.

“ನಿಂತಲ್ಲೇ ತೇಲುತ್ತಲ್ರೀ. ಮುಳುಗಲ್ವಲ್ಲ, ಅಷ್ಟು ಸಾಲದಾ?”

ಉಗ್ರಾಣದವರು ಮೆಲ್ಲಗೆ ಕೆಮ್ಮಿದರು. “ನನ್ನದೊಂದು ಮಾತು. ಮೀನಿನ ಬಾಯಿಗೆ ಕೊಕ್ಕೆ ಚುಚ್ಚೋದನ್ನ ನಾನು ನೋಡಲಾರೆ. ಗಾಳ ಇರಲಿ, ಮಕ್ಕಳು ಹಿಡ್ಕೊಂಡು ಕೂರಲಿ. ಕೊಕ್ಕೆ ಬೇಡ.”

“ಕೊಕ್ಕೆ ಇಲ್ದಿದ್ರೆ ಮೀನು ಸಿಗಲ್ಲವಲ್ಲ.”

“ಸಿಗಬಾರದು ಅಂತಾನೇ ಹೇಳ್ತಿರೋದು.”

ಟೈಪಿಸ್ಟಮ್ಮ ಮರಳು ದಿಣ್ಣೆಯನ್ನು ತೆಗೆದುಹಾಕಿಸಿದರು. ಮರಳು ಮಕ್ಕಳ ಕಿವಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲವಂತೆ. ಸೇತುವೆ ಪಕ್ಕದಲ್ಲೇ ಉದ್ಯಾನವಿದೆ, ಸಿಮೆಂಟಿನ ಬೆಂಚಿದೆ, ಅಲ್ಲೇ ಕೂತರಾಯಿತು. ಬೆಳಿಗ್ಗೆ ಆರಕ್ಕೆ ಬದಲು ಹತ್ತೂವರೆಗೆ ಹೊರಡುವುದೆಂದೂ ತೀರ್ಮಾನವಾಯಿತು. ಸಭೆ ಮುಗಿಯುವ ಹೊತ್ತಿಗೆ ತೂಕದಯ್ಯನ ಕೈಯಲ್ಲಿ ಉಳಿದದ್ದು ಚಲಿಸದ ತೆಪ್ಪ, ಕೊಕ್ಕೆಯಿಲ್ಲದ ಗಾಳ ಮತ್ತು ಸಿಮೆಂಟಿನ ಬೆಂಚು.

ಮಧ್ಯಾಹ್ನ ಅವನು ಡಬ್ಬಿ ತೆರೆದು ಹಾಗೇ ಕೂತಿದ್ದಾಗ ಮನೆಯಿಂದ ಫೋನು ಬಂತು. ಮಗಳು.

“ಅಪ್ಪ, ಗಾಳಕ್ಕೆ ದಾರ ಕಟ್ಟಿದ್ದೀನಿ. ಎಳೆದು ನೋಡಿದೆ, ಬಿಚ್ಚಿಕೊಳ್ಳಲ್ಲ. ನಾಳೆ ಹೋಗೋದು ನಿಜಾನಾ?”

“ನಿಜ” ಎಂದ ತೂಕದಯ್ಯ.

“ನಿಜ ಅಂದ್ರೆ?”

“ನಿಜ ಅಂದ್ರೆ ನಿಜ ಕಣೇ.”

ಫೋನಿಟ್ಟ ಮೇಲೆ ಡಬ್ಬಿ ಮುಚ್ಚಿ ಎದ್ದ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡ. ಕನ್ನಡಿಯಲ್ಲಿ ಮುಖವನ್ನು ಎರಡು ಮೂರು ತರಹ ಸಪ್ಪೆ ಮಾಡಿ ನೋಡಿ, ಅದರಲ್ಲಿ ಒಂದನ್ನು ಆರಿಸಿಕೊಂಡು ಸಾಹೇಬರ ಕೋಣೆಗೆ ಹೋದ. ಟೈಪಿಸ್ಟಮ್ಮ, ಉಗ್ರಾಣದವರು ಅಲ್ಲೇ ಚಹಾ ಕುಡಿಯುತ್ತಿದ್ದರು.

“ಸಾರ್, ಈಗ ಗೊತ್ತಾಯ್ತು. ನಾಳೆ ಅಣೆಕಟ್ಟಿನಿಂದ ನೀರು ಬಿಡ್ತಾರಂತೆ. ಹೊಳೆಗೆ ಯಾರೂ ಇಳಿಯೋ ಹಾಗಿಲ್ಲ.”

“ಎಷ್ಟು ಹೊತ್ತಿಗೆ?”

“ಬೆಳಿಗ್ಗೆ ಏಳು ಹದಿನೈದಕ್ಕೆ.”

ಏಳು ಎಂದಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರೇನೋ. ಏಳು ಹದಿನೈದು ಎಂದದ್ದಕ್ಕೆ ಎಲ್ಲರೂ ನಂಬಿದರು. ಹದಿನೆಂಟು ವರ್ಷ ಯಾರಿಗೂ ಅರ್ಧ ಗ್ರಾಂ ಬಿಟ್ಟುಕೊಡದ ಮನುಷ್ಯ ಒಂದೇ ಮಾತಿನಲ್ಲಿ ಒಂದು ಅಣೆಕಟ್ಟಿನ ನೀರನ್ನೆಲ್ಲ ಬಿಟ್ಟುಬಿಟ್ಟಿದ್ದ. ಕನ್ನಡಿಯಲ್ಲಿ ಆರಿಸಿಕೊಂಡ ಮುಖವನ್ನು ಹಾಗೇ ಹಿಡಿದುಕೊಂಡು ನಿಂತ. ಸಾಹೇಬರು ಅದನ್ನು ದುಃಖವೆಂದುಕೊಂಡು ತಾವೇ ಎದ್ದು ಕುರ್ಚಿ ಎಳೆದು ಕೂರಿಸಿದರು.

“ಪಾಪ, ಎಷ್ಟು ಆಸೆಯಿಂದ ಏರ್ಪಾಡು ಮಾಡಿದ್ರಿ” ಎಂದರು ಟೈಪಿಸ್ಟಮ್ಮ. ಉಗ್ರಾಣದವರು ತಮ್ಮ ಪಾಲಿನ ಬಿಸ್ಕತ್ತನ್ನು ಅವನ ಕೈಗಿಟ್ಟರು.

ಸಂಜೆ ತೂಕದಯ್ಯ ಮನೆಗೆ ಬಂದದ್ದು ಸಿಳ್ಳೆ ಹಾಕುತ್ತ. ಅಡಿಗೆಮನೆಯಲ್ಲಿ ಹೆಂಡತಿ ಮೊಟ್ಟೆ ಬೇಯಿಸುತ್ತಿದ್ದಳು. ಬಾಗಿಲು ಮುಂದೆ ಮಾಡಿ ಅವಳಿಗೆ ನಡೆದದ್ದನ್ನೆಲ್ಲ ಪಿಸುಮಾತಿನಲ್ಲಿ ಹೇಳಿದ.

“ರೀ, ಸಾಹೇಬರಿಗೆ ಗೊತ್ತಾದ್ರೆ?” ಎಂದಳು ಅವಳು.

“ಸೋಮವಾರ ಹೋಗಿ, ಕೊನೇ ಗಳಿಗೇಲಿ ನೀರು ಬಿಡಲಿಲ್ಲವಂತೆ ಅಂದ್ರಾಯ್ತು. ಯಾರು ಹೋಗಿ ಅಳೆದು ನೋಡ್ತಾರೆ?”

“ನನ್ನ ತೂಕ ಎಷ್ಟು ಅಂತ ಅವರಿಗೆಲ್ಲ ಗೊತ್ತಾಯ್ತಾ?”

ತೂಕದಯ್ಯ ಮೊಟ್ಟೆ ಬೆಂದಿದೆಯೋ ಎಂದು ಪಾತ್ರೆಯೊಳಗೆ ಇಣುಕಿದ.

ಆರು ಗಂಟೆಗೆ ಸಾಹೇಬರ ಫೋನು ಬಂತು. ಹಿಂದೆ ನಾಲ್ಕಾರು ಜನ ಮಾತಾಡುವ ಗದ್ದಲವಿತ್ತು.

“ನೋಡಿ, ನಿಮ್ಮ ಮುಖ ನೆನೆಸ್ಕೊಂಡು ನಮಗ್ಯಾರಿಗೂ ಮನಸ್ಸು ತಡೀಲಿಲ್ಲ. ಮಕ್ಕಳು ಬೇರೆ ಎಷ್ಟು ಬೇಜಾರು ಮಾಡ್ಕೊಂಡಿರ್ತಾವೋ. ಅದಕ್ಕೆ ಎಲ್ಲರೂ ಸೇರಿ ಒಂದು ತೀರ್ಮಾನಕ್ಕೆ ಬಂದ್ವಿ. ಹೊಳೆ ಇಲ್ದಿದ್ರೆ ಹೋಯ್ತು, ನಾಳೆ ಹತ್ತು ಗಂಟೆಗೆ ನಿಮ್ಮ ಮನೆಗೇ ಬಂದುಬಿಡ್ತೀವಿ. ಊಟ ನಾವೇ ತರ್ತೀವಿ. ನೀವು ಸುಮ್ನೆ ಮನೇಲಿದ್ರೆ ಸಾಕು.”

“ಎಷ್ಟು ಜನ ಸಾರ್?”

“ಇಪ್ಪತ್ಮೂರು ಇತ್ತು. ಈಗ ಇಪ್ಪತ್ತಾರೋ ಇಪ್ಪತ್ತೇಳೋ. ಬೇಕರಿಯವನೂ ಬರ್ತಾನಂತೆ.”

ಬೇರೆ ಯಾವತ್ತಾದರೂ ಆಗಿದ್ದರೆ ತೂಕದಯ್ಯ ಅಲ್ಲೇ ಕುಸಿದು ಕೂರುತ್ತಿದ್ದ. ಇವತ್ತು ಅವನಿಗೆ ನಗು ಬಂತು. “ಬನ್ನಿ ಸಾರ್, ಎಲ್ಲರೂ ಬನ್ನಿ” ಎಂದು ಧಾರಾಳವಾಗಿ ಕರೆದ. ಫೋನಿಟ್ಟು ಹೆಂಡತಿಗೆ, “ನಾವು ಐದೂವರೆಗೇ ಬೀಗ ಹಾಕ್ಕೊಂಡು ಹೊರಡೋದು. ಹತ್ತು ಗಂಟೆಗೆ ನಾವು ನಡು ಹೊಳೇಲಿರ್ತೀವಿ. ಅವರು ಬಾಗಿಲು ಬಡಿದು ಬಡಿದು ವಾಪಸ್ಸು ಹೋಗ್ತಾರೆ. ಮಗೂಗೆ ಹೊಟ್ಟೆನೋವು ಬಂದು ಡಾಕ್ಟರ ಹತ್ರ ಓಡಿದ್ವಿ ಅಂತ ಆಮೇಲೆ ಹೇಳಿದ್ರಾಯ್ತು” ಎಂದ. ಒಂದೇ ದಿನದಲ್ಲಿ ತನಗೆ ಸುಳ್ಳು ಇಷ್ಟು ಸಲೀಸಾಗಿ ಬರುತ್ತಿದೆಯಲ್ಲ ಎಂದು ಒಳಗೊಳಗೇ ಬೆರಗಾಯಿತು.

ಅತ್ತೆ ಹೊರಗಿನ ಕೋಣೆಯಿಂದ, “ನಾನು ತೆಪ್ಪದಲ್ಲಿ ಮಧ್ಯದಲ್ಲೇ ಕೂರೋದು, ಅಂಚಿಗೆ ಕೂರಿಸಿದ್ರೆ ಬರಲ್ಲ” ಎಂದರು. “ಮಧ್ಯದಲ್ಲೇ ಕೂರಿ ಅತ್ತೆ” ಎಂದ ತೂಕದಯ್ಯ. ಅತ್ತೆಯ ಮೇಲೂ ಅವನಿಗೆ ಪ್ರೀತಿ ಉಕ್ಕುತ್ತಿತ್ತು. ಮಗ ಸೋಪಿನ ಡಬ್ಬಿ ತಂದು ತೋರಿಸಿದ. ಹದಿನಾಲ್ಕು ಹುಳ. ಅದರಲ್ಲಿ ಒಂದು ನಿದ್ದೆ ಮಾಡುತ್ತಿದೆ ಎಂದ.

ಏಳು ಗಂಟೆಗೆ ಮತ್ತೆ ಫೋನು. ಈ ಸಲ ತೆಪ್ಪದವನು.

“ಸಾರ್, ನಾಳೆ ಆಗಲ್ಲ. ನೀರು ಬಿಡ್ತಾರಂತೆ.”

“ಯಾರಯ್ಯಾ ಹೇಳಿದ್ದು ನಿನಗೆ? ಅದು ಬರೀ ಸುಳ್ಳು.”

“ಸುಳ್ಳಲ್ಲ ಸಾರ್, ಪೊಲೀಸರೇ ಬಂದಿದ್ರು. ಊರಲ್ಲಿ ಯಾರೋ ದೊಡ್ಡ ಸಾಹೇಬರಿಗೆ ಸುದ್ದಿ ಸಿಕ್ಕಿ, ಹೊಳೆ ದಡದ ಬಡವರಿಗೆ ತೊಂದರೆ ಆಗಬಾರದು ಅಂತ ಅವರೇ ಸ್ಟೇಷನ್ನಿಗೆ ಫೋನ್ ಮಾಡಿದ್ರಂತೆ. ಟೈಮು ಸಮೇತ ಹೇಳಿದ್ದಾರೆ ಸಾರ್, ಏಳು ಹದಿನೈದು. ತೆಪ್ಪ ಎಲ್ಲ ದಡಕ್ಕೆ ಎಳೆಸಿ ಸರಪಳಿ ಹಾಕಿಸಿ ಕೀಲಿ ತಗೊಂಡು ಹೋದ್ರು. ಸೋಮವಾರ ಕೊಡ್ತಾರಂತೆ.”

ತೂಕದಯ್ಯ ಗೋಡೆಯ ಕ್ಯಾಲೆಂಡರ್ ನೋಡಿದ. “ಮುಂದಿನ ಭಾನುವಾರ?”

“ಅಷ್ಟೊತ್ತಿಗೆ ಬಂಡೆ ಮೇಲೆ ಬಟ್ಟೆ ಒಣಗಿಸಬಹುದು ಸಾರ್, ತೆಪ್ಪ ಬಿಡೋಕಾಗಲ್ಲ. ಬೇಜಾರು ಮಾಡ್ಕೋಬೇಡಿ. ಆ ಸಾಹೇಬರು ಯಾರೋ ಪುಣ್ಯಾತ್ಮರು. ಮಕ್ಕಳನ್ನ ಕರ್ಕೊಂಡು ಬರೋರಿದ್ರಿ, ಅವರು ಹೇಳದೇ ಇದ್ದಿದ್ರೆ ಏನು ಗತಿ?”

ಫೋನಿಟ್ಟ ತೂಕದಯ್ಯ ಅದನ್ನೇ ನೋಡುತ್ತ ನಿಂತ. ಅಣೆಕಟ್ಟಿನ ನೀರು ಸುಳ್ಳು ಎಂದು ಸಾಹೇಬರಿಗೂ ಹೇಳುವ ಹಾಗಿಲ್ಲ, ಪೊಲೀಸರಿಗೂ ಹೇಳುವ ಹಾಗಿಲ್ಲ. ಇಡೀ ಊರಿನಲ್ಲಿ ಆ ಸತ್ಯ ಗೊತ್ತಿದ್ದ ಇಬ್ಬರಲ್ಲಿ ಒಬ್ಬಳು ಒಳಗೆ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದಳು.

ಮಗಳು ಗಾಳದ ಕೋಲುಗಳನ್ನು ಬಾಗಿಲ ಮೂಲೆಗೆ ಒರಗಿಸಿ, ಅಲಾರಂ ಗಡಿಯಾರ ಎತ್ತಿಕೊಂಡು ಬಂದಳು.

“ಅಪ್ಪ, ನಾಳೆ ಎಷ್ಟು ಗಂಟೆಗೆ ಏಳಬೇಕು?”

ತೂಕದಯ್ಯ ಗಡಿಯಾರವನ್ನು ಅವಳ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟ.

“ಹತ್ತು ಗಂಟೆಗೆ ಜನ ಬರ್ತಾರೆ ಪುಟ್ಟಿ” ಎಂದ. “ಅಷ್ಟರೊಳಗೆ ಎದ್ದರೆ ಸಾಕು.”