ಅಕ್ಕನ ಸೀಟಿಗೆ ಅಪ್ಪನ ಕಾಗದ

ಗೊತ್ತಿಲ್ಲದ ವಿಷಯದಲ್ಲಿ ತೀರ್ಪು ಕೊಡದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಹತ್ತನೇ ಕ್ಲಾಸಿನ ಗಣಿತದಲ್ಲಿ ಸೊನ್ನೆಯ ನೆರೆಮನೆಯಲ್ಲೇ ವಾಸವಾಗಿರುವ ನಾನು, ಎಂ.ಬಿ.ಎ. ಸೀಟು ಹಗಲು ಕಾಲೇಜಿನಲ್ಲಿ ಕಷ್ಟವೋ, ಕೆಲಸದಲ್ಲಿರುವವರ ಸಂಜೆ ಕ್ಲಾಸಿನಲ್ಲಿ ಕಷ್ಟವೋ ಎಂದು ನಮ್ಮೂರು ತುಡಿಯಲೂರಿಗೆಲ್ಲ ಉಪನ್ಯಾಸ ಕೊಟ್ಟವಳು. "ಹಗಲಿನದಕ್ಕೆ ಪರೀಕ್ಷೆ, ಗುಂಪು ಚರ್ಚೆ, ಇಂಟರ್ವ್ಯೂ. ಸಂಜೆಯದಕ್ಕೆ ಬರೀ ಒಂದು ಕಾಗದ!"

ಸೀಟು ಬೇಕಾಗಿದ್ದದ್ದು ನನ್ನ ಅಕ್ಕನಿಗೆ. ಬಿ.ಕಾಂ. ಮುಗಿಸಿ ಮೂರು ವರ್ಷದಿಂದ ಅಪ್ಪನ ಪಂಪ್ ಬಿಡಿಭಾಗಗಳ ವರ್ಕ್‌ಶಾಪಿನಲ್ಲಿ ಕೂತಿದ್ದಳು. ಫೋನು, ಪತ್ರ, ಲೇತ್ ಯಂತ್ರ ನಡೆಸುವ ಪಳನಿಸಾಮಿಯ ಮುನಿಸು, ಎಲ್ಲ ಅವಳದೇ. ಸಂಜೆ ಐದೂವರೆಗೆ ಕಾಲೇಜುಗಳಿರುವ ಕೊಯಮತ್ತೂರಿಗೆ ಹೋಗುವ ಬಸ್ಸು ಹಾರ್ನ್ ಹಾಕಿದರೆ ಸಾಕು, ಪೆನ್ನು ನಿಂತುಹೋಗುತ್ತಿತ್ತು. ಬಸ್ಸು ತಿರುವು ದಾಟುವವರೆಗೂ ನೋಡುತ್ತಿದ್ದಳು.

ಹಗಲು ಕಾಲೇಜಿನ ಪರೀಕ್ಷೆ ಪಾಸಾದಳು. ಗುಂಪು ಚರ್ಚೆಯಲ್ಲಿ ಮಾತ್ರ ಎಂಟು ಜನ ಒಟ್ಟಿಗೇ ಕಿರುಚುತ್ತಿದ್ದರಂತೆ. ಬೇರೆಯವರು ಮಾತಾಡುವಾಗ ಬಾಯಿ ಹಾಕಬಾರದೆಂದು ಬೆಳೆದವಳು ಇವಳು. "ಅವ್ರು ಮುಗಿಸ್ಲಿ ಅಂತ ಕಾಯ್ತಾ ಇದ್ದೆ ಕಣೇ," ಎಂದಳು ಮನೆಗೆ ಬಂದು. ಗಂಟೆ ಹೊಡೆದರೂ ಅವರು ಮುಗಿಸಿರಲಿಲ್ಲ.

ಉಳಿದದ್ದು ಸಂಜೆ ಕ್ಲಾಸಿನ ಆ ಕಾಗದ: ಮೂರು ವರ್ಷ ಕೆಲಸ ಮಾಡಿದ್ದಾಳೆಂದು ಯಜಮಾನರು ಸಹಿ ಹಾಕಬೇಕು. ಯಜಮಾನರು ಇಡ್ಲಿ ತಿನ್ನುತ್ತಿದ್ದರು.

"ಕೆಲ್ಸವಾ? ಮನೆ ಮಗಳು ಸುಮ್ನೆ ಒತ್ತಾಸೆಗೆ ಕೂತ್ರೆ ಅದು ಕೆಲ್ಸ ಆಗತ್ತಾ ಕಣ್ಣು? ಮಗಳನ್ನ ಸಂಬಳಕ್ಕೆ ಇಟ್ಕೊಂಡವ್ನೆ ಅಂತ ನಾಲ್ಕು ಜನ ನಗಲ್ವಾ?" ಎಂದರು ಅಪ್ಪ. ಅಕ್ಕನನ್ನು ಅವರು ಮುದ್ದಿಗೆ ಕರೆಯುವುದೇ 'ಕಣ್ಣು' ಎಂದು.

ನಾನು ಸುಮ್ಮನಿರುತ್ತೇನೆಯೇ? ವರ್ಕ್‌ಶಾಪಿನ ಟೈಪ್‌ರೈಟರಿನಲ್ಲಿ ಕಾಗದ ಕುಟ್ಟಿದೆ: ಈಕೆಯ ಕೈಕೆಳಗೆ ಇನ್ನೂರು ಕೆಲಸಗಾರರು.

"ಇನ್ನೂರಾ! ಇರೋದು ಆರು ಜನ, ಒಂದು ಬೆಕ್ಕು!"

"ಬೆಕ್ಕಿನ ಮರಿಗಳನ್ನೂ ಸೇರ್ಸಿದೀನಪ್ಪಾ."

ಕಾಗದ ನಾಲ್ಕು ತುಂಡಾಯಿತು. ಅಕ್ಕ ಮಾರನೆಯ ದಿನ ವರ್ಕ್‌ಶಾಪಿಗೆ ಹೋಗದೆ, ಅಂಗಳದಲ್ಲಿ ಕೂತು ತಲೆಗೂದಲು ಒಣಗಿಸಿಕೊಂಡಳು. ಹನ್ನೊಂದು ಗಂಟೆಗೆ ಅಪ್ಪ ಬೆವರುತ್ತಾ ಓಡಿಬಂದರು.

"ಕಣ್ಣು, ಆ ಹೊಸ ಪಂಪಿನ ಡ್ರಾಯಿಂಗ್ ಎಲ್ಲಿಟ್ಟಿದೀಯ? ಪಾರ್ಟಿ ಬಂದು ಕೂತವ್ರೆ. ಪಳನಿಸಾಮಿ ಬೇರೆ ಕೋಪ ಮಾಡ್ಕೊಂಡು ಟೀ ಅಂಗಡೀಲವ್ನೆ!"

"ನಂಗೇನು ಗೊತ್ತಪ್ಪಾ? ನಾನು ಅಲ್ಲಿ ಕೆಲ್ಸದಲ್ಲಿ ಇಲ್ವಲ್ಲ."

ಅಪ್ಪ ಹೆಗಲ ಟವಲಿನಿಂದ ಮುಖದ ಬೆವರು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಟೈಪ್ ಮಾಡು ಬಾ. ಆರು ಜನ ಅಂತ ಹಾಕು. ಬೆಕ್ಕು ಬೇಡ," ಎಂದರು.

ಸಂಜೆ ಕ್ಲಾಸಿನ ಸೀಟು ಸಿಕ್ಕಿತು. ಹಗಲಿನದಕ್ಕೆ ಊರಿನವರನ್ನೆಲ್ಲ ಗೆಲ್ಲಬೇಕು, ಸಂಜೆಯದಕ್ಕೆ ಒಬ್ಬ ಅಪ್ಪನನ್ನು ಗೆದ್ದರೆ ಸಾಕು. ಯಾವುದು ಕಷ್ಟ ಎಂದು ನಾನೀಗ ಯಾರಿಗೂ ಉಪನ್ಯಾಸ ಕೊಡುತ್ತಿಲ್ಲ. ಪುರುಸೊತ್ತೂ ಇಲ್ಲ. ಐದೂವರೆಯ ಬಸ್ಸಿನ ಕಿಟಕಿಯಿಂದ ಅಕ್ಕ ಕೈಬೀಸುತ್ತಾಳೆ. ಅವಳ ಕುರ್ಚಿಯಲ್ಲಿ ಕೂತ ನಾನು ಫೋನು ಎತ್ತುತ್ತಾ, ಬಸ್ಸು ತಿರುವು ದಾಟುವವರೆಗೂ ನೋಡುತ್ತೇನೆ. ಕೆಲಸವೇನಲ್ಲ ಬಿಡಿ, ಸುಮ್ಮನೆ ಒತ್ತಾಸೆಗೆ.