ಮಡಿಯ ರೇಡಿಯೋ

ಒಬ್ಬಂಟಿ ಗಂಡಸಿನ ಕೈಗೆ ಸ್ಕ್ರೂ ಡ್ರೈವರ್ ಸಿಗಬಾರದು. ಇದು ಅನುಭವಿಸಿ ಹೇಳುವ ಮಾತು. ಹೆಂಡತಿ ಮಕ್ಕಳಿದ್ದವನಿಗೆ ಬೈಸಿಕೊಳ್ಳುವುದರಲ್ಲೇ ಸಂಜೆ ಕಳೆದುಹೋಗುತ್ತದೆ. ನನಗೆ ಬೈಯುವವರೂ ಇರಲಿಲ್ಲ. ಎಪ್ಪತ್ತನೆಯ ಇಸವಿಯ ಆಚೀಚೆ ನಾನು ಹಿರೇಕೆರೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಒಂದೇ ಕಿಟಕಿಯ ಬಾಡಿಗೆ ಖೋಲಿ, ಒಂದು ಸ್ಟೋ, ಒಂದು ಅಲಾರಾಂ ಗಡಿಯಾರ. ಆ ಗಡಿಯಾರವನ್ನು ಎಷ್ಟು ಸಲ ಬಿಚ್ಚಿ ಜೋಡಿಸಿದೆನೆಂದರೆ, ಕೊನೆಗೆ ಅದು ಬಾರಿಸುವುದನ್ನು ಬಿಟ್ಟು ಬರೀ ನಡುಗತೊಡಗಿತು. ಆಮೇಲೆ ಸ್ಟೋ ಬಿಚ್ಚಿದೆ, ಸೈಕಲ್ಲು ಬಿಚ್ಚಿದೆ, ಬಾಗಿಲ ಕೀಲಿಯನ್ನೂ ಬಿಚ್ಚಿದೆ. ಮನೆಯ ಮಾಲೀಕರು ಒಂದು ದಿನ ಬಂದು, "ರಾಯರ, ಗ್ವಾಡಿ ಒಂದು ಬಿಟ್ಟಬಿಡ್ರಿ" ಎಂದು ಕೈ ಮುಗಿದು ಹೋದರು. ಏನು ಮಾಡಲಿ? ಬಿಚ್ಚಿ ಕೂತಷ್ಟು ಹೊತ್ತು, ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ ಎನ್ನುವುದು ಮರೆತಿರುತ್ತಿತ್ತು.

ಇದ್ದವಳು ಒಬ್ಬಳೇ, ಸವಣೂರಿನಲ್ಲಿದ್ದ ನನ್ನ ಅಕ್ಕ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ಆಡಿಸಿದವಳು ಅವಳೇ. ಗಂಡ ಹೋದಮೇಲೆ ಮಠದ ಹಿಂದಿನ ಓಣಿಯಲ್ಲಿ ಎರಡು ಅಂಕಣದ ಮನೆಯಲ್ಲಿ ಒಬ್ಬಳೇ ಇದ್ದಳು. ಪ್ರತಿ ರವಿವಾರ ಮೊದಲ ಬಸ್ಸಿಗೆ ಹೊರಟು, ಹಾನಗಲ್ಲಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ನಾನು ಅಲ್ಲಿಗೆ ಹೋಗುತ್ತಿದ್ದೆ. ಅಕ್ಕನ ಮಡಿ ಅಂದರೆ ಸಾಮಾನ್ಯ ಮಡಿಯಲ್ಲ. ಊಟ ಆಗುವವರೆಗೂ ಅಡಿಗೆಮನೆಯ ಹೊಸ್ತಿಲು ದಾಟಿ ಅವಳು ಹೊರಗೆ ಬರುವ ಹಾಗಿಲ್ಲ, ಎರಡು ಬಸ್ಸಿನಲ್ಲಿ ಊರವರನ್ನೆಲ್ಲ ತಾಗಿಸಿಕೊಂಡು ಬಂದ ನಾನು ಒಳಗೆ ಹೋಗುವ ಹಾಗಿಲ್ಲ. ಊಟವಾದದ್ದೇ ಅವಳು ಮಠಕ್ಕೆ ಪುರಾಣ ಕೇಳಲು, ನಾನು ಬಸ್ ಸ್ಟ್ಯಾಂಡಿಗೆ. ಹೀಗಾಗಿ ನಮ್ಮ ಮಾತೆಲ್ಲ ಹೊಸ್ತಿಲಿನ ಮೇಲೆಯೇ ನಡೆಯಬೇಕು. "ಎರಡು ಕೊಡ ನೀರು ಸುರಕೊಂಡು, ಧಾಬಳಿ ಉಟಗೊಂಡು ಒಳಗ ಬಾರೋ ಗುಂಡ್ಯಾ" ಎಂದು ಮೊದಮೊದಲು ಕರೆಯುತ್ತಿದ್ದಳು. ಹಿತ್ತಲ ಬಾವಿಯ ತಣ್ಣೀರು, ಮೇಲೆ ಮೈಯೆಲ್ಲ ಕಡಿಯುವ ಉಣ್ಣೆಯ ಧಾಬಳಿ! "ಇರಲಿ ಬಿಡಕ್ಕಾ, ಇಲ್ಲಿಂದನ ಕೇಳಸ್ತದಲ್ಲ" ಎಂದು ನಾನು ಚಾಪೆಯ ಮೇಲೆ ಕಾಲು ಚಾಚುತ್ತಿದ್ದೆ. ಕ್ರಮೇಣ ಕರೆಯುವುದನ್ನು ಬಿಟ್ಟಳು.

ವಾರದ ಸಂಕಟವೆಲ್ಲ ಆ ಹೊಸ್ತಿಲಿನ ಮೇಲೆ ಸುರಿಯುತ್ತಿದ್ದೆ. ಖಾನಾವಳಿಯ ಊಟ ಹೊಟ್ಟೆಗೆ ಹತ್ತುವುದಿಲ್ಲ, ಹೆಡ್ ಕ್ಲಾರ್ಕು ಕಾಡುತ್ತಾನೆ. ಒಂದು ಸಲವಂತೂ ನಾಚಿಕೆ ಬಿಟ್ಟು, "ಅಕ್ಕಾ, ಸಂಜಿ ಆತಂದ್ರ ಆ ಖೋಲ್ಯಾಗ ಜೀವ ನಿಲ್ಲವಲ್ದು" ಎಂದುಬಿಟ್ಟೆ. ಅಕ್ಕ ಒಗ್ಗರಣೆಯಿಂದ ಮುಖ ತಿರುಗಿಸಿ, ತುಂಬ ಪ್ರೀತಿಯಿಂದ, "ಛಲೋ ಆತು ಬಿಡು" ಅಂದಳು. ನಾನು ದಂಗಾದೆ. ಇಡೀ ಹಾದಿ ಅದನ್ನೇ ಯೋಚಿಸುತ್ತ ಬಂದು, ಇದು ವೈರಾಗ್ಯದ ದೊಡ್ಡ ಮಾತು, ನನಗಿನ್ನೂ ತಿಳಿಯುವ ವಯಸ್ಸಾಗಿಲ್ಲ ಎಂದು ತೀರ್ಮಾನಿಸಿದೆ.

ರೇಡಿಯೋದ ವಿಚಾರ ಬಂದದ್ದು ಅವಳ ಒಂದು ಮಾತಿನಿಂದ. ಹೊರಟು ನಿಂತಾಗ, "ನೀ ಹೋದ ಮ್ಯಾಲೆ ಮನಿ ಭಣಭಣ ಅಂತದೋ" ಅಂದಿದ್ದಳು. ಉಳಿದ ಆರು ದಿನ ಅವಳ ಕಿವಿಗೆ ಒಂದು ಮನುಷ್ಯರ ದನಿ ಬೀಳಲಿ ಅನಿಸಿತು. ಆದರೆ ಅಂಗಡಿಯ ಟ್ರಾನ್ಸಿಸ್ಟರಿಗೆ ಚರ್ಮದ ಅಂಗಿ. ಚರ್ಮ ಒಲೆಯ ಹತ್ತಿರ ಬರುವುದುಂಟೇ? ಪ್ಲಾಸ್ಟಿಕ್ ಮಡಿಯೋ ಮೈಲಿಗೆಯೋ ಎಂದು ಮಠದ ಆಚಾರ್ಯರನ್ನು ಕೇಳಿದರೆ, ಅವರು ನಶ್ಯ ಏರಿಸಿ, "ಹಿಂದಿನವರು ಇದರ ಬಗ್ಗೆ ಏನೂ ಹೇಳಿಲ್ಲ ನೋಡು" ಅಂದರು. ಅಂದಮೇಲೆ ನಾನೇ ಕಟ್ಟಬೇಕಾಯಿತು. ಒಲೆಯ ಪಕ್ಕದ ಗೋಡೆಯ ಗೂಡಿನಲ್ಲಿ ಹಿಡಿಸಬೇಕು, ಅಂದರೆ ಒಂದು ಗೇಣಿಗಿಂತ ದೊಡ್ಡದಾಗಬಾರದು. ಗುಮಾಸ್ತನ ಕೈಗೆ ನಿಲುಕುವಷ್ಟು ಅಗ್ಗವಾಗಿರಬೇಕು. ಮೇಲಾಗಿ ಮಡಿಯಾಗಿರಬೇಕು.

ಹಾನಗಲ್ಲಿನಲ್ಲಿ ಬಸ್ಸು ಕಾಯುವ ಹೊತ್ತಿಗೆ ರೇಡಿಯೋ ರಿಪೇರಿಯ ದಸ್ತಗೀರಸಾಬರ ಅಂಗಡಿಯೇ ನನ್ನ ಶಾಲೆಯಾಯಿತು. ಅವರು ಹಳೆಯ ಸೆಟ್ಟುಗಳಿಂದ ಕಿತ್ತ ಸಾಮಾನು ಕೊಟ್ಟು, ಬೆಸುಗೆ ಹಾಕುವುದು ಕಲಿಸಿದರು. ನಾನು ಮೊದಲು ಬೆಸೆದದ್ದು ನನ್ನ ಹೆಬ್ಬೆರಳನ್ನು. "ಸ್ಟೇಷನ್ ತಿರುವೋ ಗುಂಡಿ ಎಲ್ಲಿ ಇಡೂಣ್ರಿ?" ಎಂದು ಅವರು ಕೇಳಿದಾಗ, "ಬ್ಯಾಡ್ರಿ, ಧಾರವಾಡ ಒಂದ ಸಾಕು, ಅಲ್ಲೇ ಬೆಸದಬಿಡೂಣು" ಅಂದೆ. ಖರ್ಚೂ ಕಡಿಮೆ, ಜಾಗವೂ ಕಡಿಮೆ. "ಗುಂಡಿ ಬದ್ಲಿ ಕಟಗಿ ಹಿಡಿ ಬೇಕು. ಮಡಿಕೋಲಿಂದ ದೂರ ನಿಂತು ಮ್ಯಾಲೆ ನೂಕಿದ್ರ ಹತ್ತಬೇಕು, ನೂಕಿದಷ್ಟೂ ದನಿ ಏರಬೇಕು, ಕೆಳಗ ನೂಕಿದ್ರ ಆರಬೇಕು." ಸಾಬರು ಕನ್ನಡಕ ಹಣೆಗೆ ಏರಿಸಿ ನನ್ನನ್ನು ಬಹಳ ಹೊತ್ತು ನೋಡಿದರು. "ಮೂವತ್ತು ವರ್ಷ ಆತ್ರಿ ರಾಯರ ಈ ಕೆಲಸ ಮಾಡಾಕತ್ತು. ಕೋಲಿಂದ ಹಚ್ಚೋ ರೇಡಿಯೋ ಇದ ಮದ್ಲ ನೋಡಾಕತ್ತೇನಿ" ಅಂದರು. ಆದರೂ ಮಾಡಿಕೊಟ್ಟರು. ಹಲಸಿನ ಹಲಗೆಯ ಡಬ್ಬಿ, ಅದರ ಮೇಲೆ ಹರಿದ ಧಾಬಳಿಯ ಒಂದು ತುಂಡು. ಸ್ವತಃ ನಾನು ಉಡಲೊಲ್ಲದ ಧಾಬಳಿಯನ್ನು ರೇಡಿಯೋಕ್ಕೆ ಉಡಿಸಿದ್ದೆ.

ಅಕ್ಕ ಅದನ್ನು ನೋಡಿ ಕಣ್ಣಲ್ಲಿ ನೀರು ತಂದಳು. ಅದು ಸಂತೋಷದ ಮಾತು. ಆಮೇಲೆ ತಂಬಿಗೆಯಿಂದಲೂ ನೀರು ತಂದಳು. ಬೇಡ ಬೇಡ ಅನ್ನುವುದರೊಳಗೆ ಮಂತ್ರ ಹೇಳುತ್ತ ಡಬ್ಬಿಯ ತುಂಬ ಪ್ರೋಕ್ಷಣೆ ಮಾಡಿಯೇ ಬಿಟ್ಟಳು. ಧಾರವಾಡ ಸ್ಟೇಷನ್ನು ಎರಡು ದಿನ ಗಂಟಲು ಕಟ್ಟಿದವರಂತೆ ಕೆಮ್ಮಿತಂತೆ. ಮೂರನೆಯ ದಿನ ಒಲೆಯ ಶಾಖಕ್ಕೆ ಆರಿ, ಚೆನ್ನಾಗಿ ಹಾಡತೊಡಗಿತು. ಧಾಬಳಿಯ ತುದಿಯಿಂದ ಹಿಡಿದು ಗೂಡಿನಲ್ಲಿ ಇಟ್ಟಿದ್ದಳೇ ಹೊರತು, ಅಕ್ಕ ಅದನ್ನು ಬರಿಗೈಯಿಂದ ಮುಟ್ಟಲಿಲ್ಲ. "ಡಬ್ಬಿ ಮಡಿ ಆತು ಖರೆ, ಒಳಗ ಮಾತಾಡವರು ಯಾರೋ ಏನೋ" ಎನ್ನುತ್ತ ಕೋಲಿನಿಂದಲೇ ನೂಕುತ್ತಿದ್ದಳು. ನೂಕಿದರೆ ಪೂರಾ ಮೇಲಕ್ಕೆ. ಓಣಿಯ ತುದಿಗೂ ಕೇಳುವಷ್ಟು ದನಿ. ನನ್ನ ಕೆಲಸದ ಮೇಲೆ ಅವಳಿಗೆಷ್ಟು ಅಭಿಮಾನ ಎಂದು ಉಬ್ಬಿಹೋದೆ.

ಮುಂದಿನ ರವಿವಾರ ಚಾಪೆಯ ಮೇಲೆ ಕೂತು, "ಅಕ್ಕಾ, ಈ ವಾರ ಏನಾತಂದ್ರ" ಎಂದು ಶುರು ಮಾಡಿದೆ. ಅಕ್ಕ ಸೌಟಿನಿಂದ ಸುಮ್ಮನಿರು ಎಂದು ಸನ್ನೆ ಮಾಡಿದಳು. ದಾಸರ ಪದ ಬರುತ್ತಿತ್ತು. ಅದು ಮುಗಿದರೆ ರೈತರಿಗೆ ಗೊಬ್ಬರದ ಮಾಹಿತಿ. ಅಕ್ಕನಿಗೆ ಒಂದು ಗುಂಟೆ ಹೊಲವಿಲ್ಲ, ಆದರೂ ಮುಖ ಅರಳಿಸಿಕೊಂಡು ಕೇಳಿದಳು. ಮುಂದಿನ ವಾರವೂ ಹಾಗೆಯೇ, ಅದರ ಮುಂದಿನ ವಾರವೂ. ನಾನು ಬೆಸೆದ ಡಬ್ಬಿ ಒಳಗೆ, ಒಲೆಯ ಪಕ್ಕದಲ್ಲಿ. ನಾನು ಹೊರಗೆ, ಚಪ್ಪಲಿಗಳ ಪಕ್ಕದಲ್ಲಿ. ನಗುವ ಮಾತಲ್ಲ. ಲೋಕದಲ್ಲಿ ನನಗಿದ್ದದ್ದು ವಾರಕ್ಕೆ ಮೂರು ತಾಸಿನ ಒಂದು ಹೊಸ್ತಿಲು, ಅದನ್ನೂ ನನ್ನ ಕೈಯಾರೆ ಕಳೆದುಕೊಂಡೆ. ಒಂದು ತಂತಿ ಸಡಿಲು ಮಾಡಿಬಿಡಲೇ ಎಂಬ ದುರ್ಬುದ್ಧಿ ಬಂತು. ಆದರೆ ಮುಟ್ಟುವುದು ಹೇಗೆ? ಅದು ಮಡಿ, ನಾನು ಮೈಲಿಗೆ! ಕೆಡಿಸಬೇಕೆಂದರೂ ಸ್ನಾನ ಮಾಡಬೇಕಾದಂಥ ಯಂತ್ರವನ್ನು ಕಟ್ಟಿದ ಪುಣ್ಯಾತ್ಮ ನಾನೊಬ್ಬನೇ ಇರಬೇಕು.

"ದನಿ ಯಾಕೋ ಒಡದಂಗ ಕೇಳಸ್ತದಕ್ಕಾ, ಒಳಗ ಬಂದು ನೋಡ್ಲೇನು?" ಎಂದು ಗಂಟಲು ಹರಿಯುವಂತೆ ಕೂಗಿದೆ. "ನೀರು ಸುರಕೋ ಮದ್ಲ" ಅಂದಳು. ಮಾಗಿಯ ಚಳಿ. ಎರಡು ಕೊಡ ನೀರಿಗೆ ಕುಲದೇವರೆಲ್ಲ ನೆನಪಾದರು. ಧಾಬಳಿ ಸುತ್ತಿಕೊಂಡೆ. ಸ್ಕ್ರೂ ಡ್ರೈವರಿಗೂ ಹುಣಸೆಹಣ್ಣು ಹಚ್ಚಿ ತೊಳೆಸಿದಳು. ಎಷ್ಟೋ ವರ್ಷಗಳ ಮೇಲೆ ಹೊಸ್ತಿಲು ದಾಟಿ ಒಲೆಯ ಪಕ್ಕ ನಿಂತು, ರೇಡಿಯೋ ಆರಿಸಿ ಇನ್ನೇನು ಕೈ ಹಾಕಬೇಕು, ಅಕ್ಕ ರೊಟ್ಟಿ ತಿರುವುತ್ತಲೇ, "ಅದಕೇನೂ ಆಗಿಲ್ಲ. ಸುಮ್ಮನ ಇಲ್ಲೆ ಕೂಡು" ಅಂದಳು.

ನನಗೆ ಎಲ್ಲಿಯ ಸಿಟ್ಟು ಬಂತೋ! "ಅದು ಬಂದ ಮ್ಯಾಲೆ ನನ್ನ ಮಾತು ನಿನಗ ಬ್ಯಾಡಾತು, ಹೌದಲ್ಲಕ್ಕಾ?" ಅಂದೆ.

ಅಕ್ಕ ಹಂಚು ಇಳಿಸಿ ನನ್ನ ಮುಖ ನೋಡಿದಳು. "ನಿನ್ನ ಮಾತು ಕೇಳಸ್ತಿದ್ರ ಅಲ್ಲೇನೋ, ಹುಚ್ಚಪ್ಪಾ! ನನ್ನ ಕಿವಿ ಮಂದ ಆಗಿ ಮೂರು ವರ್ಷ ಆತು. ಅಷ್ಟು ದೂರ ಕೂತು ನೀ ಬಾಯಿ ಆಡಸೂದು ಕಾಣತಿತ್ತು, ಅಷ್ಟ. ನೀ ನಕ್ರ ನಗತಿದ್ದೆ. ತಿಳೀಲಿಲ್ಲಂದ್ರ ಛಲೋ ಆತು ಬಿಡು ಅಂತಿದ್ದೆ."

"ಹೇಳಬಾರದಾಗಿತ್ತೇನು?"

"ಕೇಳಸೂದಿಲ್ಲಂದ್ರ ನೀ ಮಾತಾಡೂದು ಬಿಟ್ಟುಗಿಟ್ಟೀ ಅಂತ ಅಂಜಿಕಿ. ಒಳಗ ಬಾ, ಒಳಗ ಬಾ ಅಂತ ಎಷ್ಟು ಸಲ ಕರದೆ. ನಿನಗ ನೀರು ತಣ್ಣಗ."

ಮೂರು ವರ್ಷದ ರವಿವಾರಗಳು ಒಮ್ಮೆಲೇ ಎದುರು ಬಂದು ನಿಂತವು. ಅಕ್ಕ ಮಣೆಯನ್ನು ಹತ್ತಿರ ಎಳೆದುಕೊಂಡು, ಬಲಗಿವಿಯನ್ನು ನನ್ನ ಕಡೆಗೆ ತಿರುಗಿಸಿ, "ಈಗ ಹೇಳು. ಇಷ್ಟು ದಿನಾ ಏನೇನು ಹೇಳತಿದ್ದಿ?" ಎಂದು ಕೂತಳು. ಹೇಳಬೇಕಾದದ್ದು ರಾಶಿ ಇತ್ತು. ಖಾನಾವಳಿ ಇತ್ತು, ಖೋಲಿ ಇತ್ತು, ಸಂಜೆ ಇತ್ತು. ಒಂದಾದರೂ ಬಾಯಿಗೆ ಬರಲೊಲ್ಲದು. ಅಕ್ಕ ಕಾಯುತ್ತಲೇ ಇದ್ದಳು.

ಕೊನೆಗೆ, "ಈ ಧಾಬಳಿ ಭಾಳ ಕಡೀತದಕ್ಕಾ" ಅಂದೆ.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೂರು ವರ್ಷ ನಾನು ತೋಡಿಕೊಂಡ ಸಂಕಟಗಳಲ್ಲಿ ಅವಳಿಗೆ ಪೂರಾ ಕೇಳಿಸಿದ್ದು ಅದೊಂದೇ.